ಹೊಂಗೆ ಎಣ್ಣೆ, ಬಯೋಡೀಸೆಲ್, ಘನ ಕ್ಯಾಟಲಿಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹಲವು ವರ್ಷಗಳಿಂದ ಹುಡುಗರ ಜೊತೆ ಲ್ಯಾಬಿನಲ್ಲಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಿದ್ದೇನೆ. ಅದರಲ್ಲೂ ಘನ ಕ್ಯಾಟಲಿಸ್ಟ್ ಕೆಲಸ ಅಂದರೆ ನನಗೆ ಜಾಸ್ತಿ ಇಷ್ಟ. ಪ್ರಾಜೆಕ್ಟ್ ಮಾಡುವ ಹುಡುಗರು, ಸಕಲೇಶಪುರದ ಕಡೆಯ ತೋಟದವರು, ಗಾಣ ಇಟ್ಟುಕೊಂಡವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಆಗುತ್ತದೆ ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ಯಾಟಲಿಸ್ಟ್ ಅಂದರೆ ಹಾಲಿಗೆ ಹೆಪ್ಪು ಹಾಕಿದ ಹಾಗಾ?

ಇಲ್ಲ. ಹೆಪ್ಪು ಹಾಲಿನಲ್ಲಿ ಬೆಳೆಯುತ್ತದೆ, ಅದು ಜೀವ ಇರುವ ವಸ್ತು. ಕ್ಯಾಟಲಿಸ್ಟ್ ಬೆಳೆಯುವುದಿಲ್ಲ, ಖರ್ಚೂ ಆಗುವುದಿಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ಕ್ರಿಯಾವರ್ಧಕ ಅಂತಾರೆ. ನಾನು ಕ್ಲಾಸಿನಲ್ಲಿ ಹೇಳುವುದು ಹೀಗೆ: ಗುಡ್ಡದ ಆಚೆ ಊರಿಗೆ ಹೋಗಬೇಕು, ತುದಿ ಹತ್ತಿ ಇಳಿಯಬೇಕಾದರೆ ಸುಸ್ತಾಗುತ್ತದೆ, ಅರ್ಧ ಜನ ಹೊರಡುವುದೇ ಇಲ್ಲ. ಯಾರೋ ಗುಡ್ಡದ ನಡುವೆ ತಗ್ಗಿನಲ್ಲಿ ಒಂದು ಕಾಲುದಾರಿ ತೋರಿಸಿದರು ಅಂದುಕೊಳ್ಳಿ. ಊರು ಅದೇ, ಹೊರಟ ಜಾಗವೂ ಅದೇ, ಹತ್ತುವ ಎತ್ತರ ಮಾತ್ರ ಕಡಿಮೆ ಆಯಿತು. ಕ್ಯಾಟಲಿಸ್ಟ್ ಮಾಡುವುದು ಇಷ್ಟೇ. ಆಗದೇ ಇರುವ ಕ್ರಿಯೆಯನ್ನು ಅದು ಆಗಿಸುವುದಿಲ್ಲ, ಆಗುವುದನ್ನು ಬೇಗ ಆಗಿಸುತ್ತದೆ.

ಎಣ್ಣೆಯಲ್ಲಿ ಅದು ಕರಗಿಹೋದರೆ ಅಥವಾ ಮೆಥನಾಲ್‌ನಲ್ಲಿ ಕರಗಿದರೆ ದ್ರವ ಕ್ಯಾಟಲಿಸ್ಟ್. ಕರಗದೆ ಪುಡಿಯಾಗಿ, ಕಾಳಾಗಿ ಹಾಗೇ ಉಳಿದರೆ ಘನ ಕ್ಯಾಟಲಿಸ್ಟ್. ಕ್ರಿಯೆ ಆ ಕಾಳಿನ ಮೈಮೇಲೆ ನಡೆಯುತ್ತದೆ.

ಹೊಂಗೆ ಎಣ್ಣೆಯನ್ನು ಸುಮ್ನೆ ಹಾಗೇ ಟ್ರ್ಯಾಕ್ಟರಿಗೆ ಹಾಕಿದರೆ ಆಗಲ್ವಾ?

ಸ್ವಲ್ಪ ದಿನ ಓಡುತ್ತದೆ. ಆಮೇಲೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಹೊಂಗೆ ಎಣ್ಣೆ 40 ಡಿಗ್ರಿಯಲ್ಲಿ ಡೀಸೆಲ್‌ಗಿಂತ ಹತ್ತು ಪಟ್ಟಿನಷ್ಟು ಮಂದ. ನಮ್ಮ ದೇಶದ ಬಯೋಡೀಸೆಲ್ ಮಾನದಂಡ ಐಎಸ್ 15607 ಪ್ರಕಾರ ಈ ಮಂದತೆ 6 ಯೂನಿಟ್ (ಸೆಂಟಿಸ್ಟೋಕ್) ಒಳಗೇ ಇರಬೇಕು, ಹಸಿ ಎಣ್ಣೆಯದ್ದು 40ರ ಆಸುಪಾಸು. ಎಣ್ಣೆಯ ಒಂದು ಅಣು ಅಂದರೆ ಒಂದು ಗ್ಲಿಸರಿನ್ ಬೆನ್ನೆಲುಬಿಗೆ ಮೂರು ಉದ್ದನೆಯ ಬಾಲ ಅಂಟಿಕೊಂಡ ಹಾಗೆ. ಮೆಥನಾಲ್ ಹಾಕಿ ಆ ಮೂರು ಬಾಲಗಳನ್ನು ಬಿಡಿಸಿದರೆ ಸಿಗುವುದೇ ಬಯೋಡೀಸೆಲ್. 100 ಕೆಜಿ ಎಣ್ಣೆಗೆ ಲೆಕ್ಕದ ಪ್ರಕಾರ ಸುಮಾರು 11 ಕೆಜಿ ಮೆಥನಾಲ್ ಸಾಕು, 100 ಕೆಜಿ ಬಯೋಡೀಸೆಲ್ ಬರುತ್ತದೆ, 10 ಕೆಜಿಗೆ ಸ್ವಲ್ಪ ಜಾಸ್ತಿ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ನಿಜವಾಗಿ ಮಾಡುವಾಗ ಮೆಥನಾಲ್ ಇದರ ಎರಡು ಪಟ್ಟು, ಘನ ಕ್ಯಾಟಲಿಸ್ಟ್ ಆದರೆ ನಾಲ್ಕು ಪಟ್ಟಿನವರೆಗೂ ಹಾಕಬೇಕಾಗುತ್ತದೆ. ಮಿಕ್ಕಿದ್ದನ್ನು ಭಟ್ಟಿ ಇಳಿಸಿ ವಾಪಸ್ ತೆಗೆಯಬಹುದು.

ಕಾಸ್ಟಿಕ್ ಸೋಡಾದಲ್ಲೇ ಒಂದು ಗಂಟೆಯಲ್ಲಿ ಆಗುತ್ತಲ್ಲ, ಘನ ಕ್ಯಾಟಲಿಸ್ಟ್ ಯಾಕೆ ಬೇಕು?

ಒಳ್ಳೆಯ ಪ್ರಶ್ನೆ, ಮತ್ತು ಪ್ರಾಮಾಣಿಕ ಉತ್ತರ ಏನಂದರೆ ವೇಗಕ್ಕಾಗಿ ಅಲ್ಲ. ವೇಗದಲ್ಲಿ ಕಾಸ್ಟಿಕ್ ಸೋಡಾವನ್ನು ಸೋಲಿಸುವುದು ಕಷ್ಟ. ಎಣ್ಣೆಯ ತೂಕದ ಶೇ. 1ರಷ್ಟು ಹಾಕಿ, 60 ಡಿಗ್ರಿಯಲ್ಲಿ ಕಲಕಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಕಾಸ್ಟಿಕ್ ಕರಗಿಹೋಗಿರುತ್ತದೆ, ವಾಪಸ್ ಸಿಗಲ್ಲ. ಬಯೋಡೀಸೆಲ್‌ನಲ್ಲಿ ಉಳಿದ ಸೋಡಿಯಂ, ಸೋಪು ಎಲ್ಲ ಹೋಗಬೇಕಾದರೆ ಬಿಸಿನೀರಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆ ತೊಳೆದ ನೀರು ಬೆಳ್ಳಗೆ ಹಾಲಿನ ಹಾಗೆ ಇರುತ್ತದೆ, ಅದರಲ್ಲಿ ಸೋಪು, ಮೆಥನಾಲ್, ಕ್ಷಾರ ಎಲ್ಲ ಇರುತ್ತದೆ. ಎಲ್ಲಿ ಚೆಲ್ಲುತ್ತೀರಿ? ಚರಂಡಿಗೆ ಬಿಟ್ಟರೆ ಕೊನೆಗೆ ಕೆರೆಗೇ ಹೋಗುವುದು. ಜೊತೆಗೆ ಗ್ಲಿಸರಿನ್ ಕೂಡ ಗಲೀಜಾಗಿ ಕಂದುಬಣ್ಣಕ್ಕೆ ಬರುತ್ತದೆ, ಅದಕ್ಕೆ ಬೆಲೆ ಇಲ್ಲ. ಘನ ಕ್ಯಾಟಲಿಸ್ಟ್ ಆದರೆ ಸೋಸಿ ತೆಗೆಯಬಹುದು, ತೊಳೆಯುವ ನೀರು ತುಂಬಾ ಕಡಿಮೆ ಸಾಕು, ಗ್ಲಿಸರಿನ್ ತಿಳಿಯಾಗಿ ಬರುತ್ತದೆ. ಈ ನೀರಿನ ವಿಷಯಕ್ಕಾಗಿಯೇ ನಾನು ಈ ಕೆಲಸದಲ್ಲಿ ಇಷ್ಟು ವರ್ಷ ಕೂತಿದ್ದೇನೆ.

ಮೊಟ್ಟೆ ಸಿಪ್ಪೆಯಿಂದ ಕ್ಯಾಟಲಿಸ್ಟ್ ಮಾಡಬಹುದು ಅಂತಾರೆ, ನಿಜವಾ?

ನಿಜ. ಮೊಟ್ಟೆ ಸಿಪ್ಪೆಯ ಶೇ. 95ರ ಹತ್ತಿರ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನಲ್ಲಿರುವುದೇ. ಅದನ್ನು 800ರಿಂದ 900 ಡಿಗ್ರಿಯಲ್ಲಿ ಕೆಲವು ಗಂಟೆ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಸುಟ್ಟ ಸುಣ್ಣ ಅನ್ನುತ್ತೇವಲ್ಲ, ಅದೇ. 100 ಗ್ರಾಂ ಕಾರ್ಬೊನೇಟ್ ಸುಟ್ಟರೆ 56 ಗ್ರಾಂ ಆಕ್ಸೈಡ್. ಒಂದು ಮೊಟ್ಟೆಯ ಸಿಪ್ಪೆ ಸುಮಾರು 6 ಗ್ರಾಂ ತೂಗುತ್ತದೆ. 10 ಕೆಜಿ ಎಣ್ಣೆಗೆ ಶೇ. 5ರಂತೆ ಅರ್ಧ ಕೆಜಿ ಕ್ಯಾಟಲಿಸ್ಟ್ ಬೇಕು ಅಂದರೆ ಸುಮಾರು 160 ಮೊಟ್ಟೆ ಸಿಪ್ಪೆ ಬೇಕು. ಬಸ್‌ಸ್ಟ್ಯಾಂಡ್ ಹತ್ತಿರದ ಆಮ್ಲೆಟ್ ಗಾಡಿಯವರನ್ನು ಕೇಳಿದರೆ ಎರಡು ದಿನದಲ್ಲಿ ಕೊಡುತ್ತಾರೆ.

ಸಿಪ್ಪೆ ತೊಳೆದು, ಒಳಗಿನ ಪೊರೆ ಆದಷ್ಟು ತೆಗೆದು, ಒಣಗಿಸಿ, ಪುಡಿ ಮಾಡಿ, ಮಫಲ್ ಫರ್ನೇಸ್‌ನಲ್ಲಿ, ಅಂದರೆ ಲ್ಯಾಬಿನ ಕರೆಂಟ್ ಕುಲುಮೆಯಲ್ಲಿ, ಸುಡುವುದು. ಸೌದೆ ಒಲೆಯ ಬೆಂಕಿಯಲ್ಲಿ ಈ ಬಿಸಿ ಅಷ್ಟು ಹೊತ್ತು ಒಂದೇ ಸಮ ನಿಲ್ಲುವುದಿಲ್ಲ, ಅರ್ಧ ಬೆಂದು ಬೂದುಬಣ್ಣಕ್ಕೆ ಉಳಿಯುತ್ತದೆ. ಪೂರ್ತಿ ಆದರೆ ಬೆಳ್ಳಗೆ, ಹಗುರವಾಗಿ, ಬೆರಳಲ್ಲಿ ಪುಡಿಯಾಗುವಂತೆ ಇರುತ್ತದೆ. ಆದರೆ ಬರಿಗೈಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ.

ಈಗ ಮುಖ್ಯವಾದ ಮಾತು. ಸುಟ್ಟ ಸುಣ್ಣಕ್ಕೆ ಗಾಳಿ ಆಗಲ್ಲ. ಗಾಳಿಯ ತೇವ ಹೀರಿ ಅರಳಿದ ಸುಣ್ಣ ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ, ಅಂದರೆ ಮತ್ತೆ ಮೊಟ್ಟೆ ಸಿಪ್ಪೆಯೇ. ನಮ್ಮ ಮೊದಲ ಬ್ಯಾಚ್ ಹಾಳಾಗಿದ್ದು ಹೀಗೆ. ಜುಲೈ ತಿಂಗಳು, ಹೊರಗೆ ಮಳೆ, ಶನಿವಾರ ಸುಟ್ಟಿದ್ದನ್ನು ಸಾಮಾನ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟು ಸೋಮವಾರ ಬಳಸಿದೆವು. ಮೂರು ಗಂಟೆ ಕಲಕಿದರೂ ಗ್ಲಿಸರಿನ್ ಇಳಿಯಲಿಲ್ಲ. ಹುಡುಗರು ಎಣ್ಣೆ ಸರಿಯಿಲ್ಲ ಅಂದರು, ಎಣ್ಣೆ ಸರಿಯಾಗೇ ಇತ್ತು. ಅಂದಿನಿಂದ ಫರ್ನೇಸ್‌ನಿಂದ ತೆಗೆದದ್ದು ನೇರ ಡೆಸಿಕೇಟರಿಗೆ (ಒಳಗೆ ತೇವ ಸೇರದ ಹಾಗೆ ಮುಚ್ಚಿಡುವ ಪಾತ್ರೆ), ಅಲ್ಲಿಂದ ನೇರ ಫ್ಲಾಸ್ಕಿಗೆ. ಮಲೆನಾಡಿನ ಮಳೆಗಾಲದಲ್ಲಿ ಇದು ಎರಡು ಪಟ್ಟು ಮುಖ್ಯ.

ಅಂಗಡಿಯಲ್ಲಿ ಸಿಗುವ ಸುಣ್ಣ ಸಾಲದಾ?

ಗೋಡೆಗೆ ಬಳಿಯುವ ಸುಣ್ಣ, ಎಲೆ ಅಡಿಕೆ ಸುಣ್ಣ ಎಲ್ಲ ಆಗಲೇ ಅರಳಿರುತ್ತದೆ, ಕೆಲಸಕ್ಕೆ ಬಾರದು. ಗೂಡಿನಿಂದ ಆಗತಾನೆ ಬಂದ ಸುಟ್ಟ ಸುಣ್ಣದ ಕಲ್ಲು ಸಿಕ್ಕರೆ ಮತ್ತೊಮ್ಮೆ ಸುಟ್ಟು ಬಳಸಬಹುದು. ಚಿಟಿಕೆಯಷ್ಟಕ್ಕೆ ಎರಡು ಹನಿ ನೀರು ಬಿಡಿ, ಬುಸ್ ಅಂತ ಬಿಸಿ ಎದ್ದರೆ ಜೀವ ಇದೆ ಅಂತ ಅರ್ಥ. ಕನ್ನಡಕ ಹಾಕಿಕೊಂಡು ಮಾಡಿ, ಕಣ್ಣಿಗೆ ಸಿಡಿದರೆ ಅಪಾಯ.

ನಮ್ಮ ಎಣ್ಣೆ ಗಟ್ಟಿಯಾಗಿ ಮೊಸರಿನ ಹಾಗೆ ಆಯಿತು. ಏನು ತಪ್ಪಾಯಿತು?

ಬೀಜ ಹಳೆಯದು. ಬಹುತೇಕ ಸಲ ಇದೇ ಕಾರಣ. ಹೊಂಗೆ ಕಾಯಿ ಬೇಸಿಗೆಯಲ್ಲಿ ಆಯ್ದು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿಟ್ಟರೆ, ಮಳೆ ಬಂದಾಗ ತೇವ ಹಿಡಿದು ಎಣ್ಣೆ ಒಡೆಯುತ್ತದೆ, ಬಿಡಿ ಕೊಬ್ಬಿನಾಮ್ಲ ಜಾಸ್ತಿಯಾಗುತ್ತದೆ. ಹೊಸ ಬೀಜದ ಎಣ್ಣೆಯಲ್ಲಿ ಅದು ಶೇ. 2–3 ಇದ್ದರೆ ಹಳೆಯದರಲ್ಲಿ 10 ದಾಟುವುದೂ ಉಂಟು. ಕ್ಷಾರ ಯಾವುದೇ ಇರಲಿ, ಕಾಸ್ಟಿಕ್ ಆಗಲಿ ಸುಟ್ಟ ಸುಣ್ಣ ಆಗಲಿ, ಈ ಆಮ್ಲದ ಜೊತೆ ಸೇರಿ ಸೋಪು ಆಗುತ್ತದೆ. ಸುಣ್ಣದಿಂದ ಆಗುವ ಸೋಪು ನೀರಲ್ಲಿ ಕರಗುವುದೂ ಇಲ್ಲ, ಫಿಲ್ಟರ್ ಕಟ್ಟಿಹಾಕುತ್ತದೆ. ಘನ ಕ್ಯಾಟಲಿಸ್ಟ್ ಆದರೆ ಸೋಪಿನ ತೊಂದರೆ ಇಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಘನ ಆಮ್ಲಕ್ಕೆ ಮಾತ್ರ ಸರಿ, ಘನ ಕ್ಷಾರಕ್ಕೆ ಅಲ್ಲ.

ಹಾಗಾಗಿ ಮೊದಲು ಟೈಟ್ರೇಷನ್ ಮಾಡಿ, ಅಂದರೆ ಎಣ್ಣೆಯಲ್ಲಿ ಆಮ್ಲ ಎಷ್ಟಿದೆ ಅಂತ ಅಳೆಯಿರಿ. ಬಿಡಿ ಆಮ್ಲ ಶೇ. 2ಕ್ಕಿಂತ ಕಡಿಮೆ ಇದ್ದರೆ ನೇರ ಕ್ಷಾರಕ್ಕೆ ಹೋಗಿ. ಜಾಸ್ತಿ ಇದ್ದರೆ ಎರಡು ಹಂತ: ಮೊದಲು ಆಮ್ಲ ಕ್ಯಾಟಲಿಸ್ಟ್ ಹಾಕಿ ಆ ಬಿಡಿ ಕೊಬ್ಬಿನಾಮ್ಲವನ್ನೂ ಬಯೋಡೀಸೆಲ್ ಮಾಡಿಕೊಳ್ಳುವುದು, ಆಮೇಲೆ ಕ್ಷಾರ.

ಘನ ಆಮ್ಲ ಅಂದರೆ ಏನು? ಕಾಫಿ ಹೊಟ್ಟಿನಿಂದ ಮಾಡಬಹುದಾ?

ಮಾಡಬಹುದು, ಮತ್ತು ನಮ್ಮ ಕಡೆಗೆ ಇದು ಹೇಳಿ ಮಾಡಿಸಿದ ಹಾಗಿದೆ. 2005ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಂಡ ಸಕ್ಕರೆಯನ್ನು ಅರೆಬರೆ ಇದ್ದಿಲು ಮಾಡಿ, ಅದನ್ನು ಗಂಧಕಾಮ್ಲದಲ್ಲಿ 150 ಡಿಗ್ರಿಗೆ ಕಾಯಿಸಿ ಒಂದು ಕರಿ ಪುಡಿ ಮಾಡಿತು. ಆ ಇದ್ದಿಲಿನ ಮೈಗೆ ಗಂಧಕಾಮ್ಲದ ಗುಂಪುಗಳು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಬಾಟಲಿಯ ಗಂಧಕಾಮ್ಲ ಮಾಡುವ ಕೆಲಸವನ್ನು ಈ ಪುಡಿ ಮಾಡುತ್ತದೆ, ಆದರೆ ಸೋಸಿ ತೆಗೆಯಬಹುದು. ಆಮೇಲೆ ಜಗತ್ತಿನ ಎಲ್ಲ ಕಡೆ ಜನ ಸಕ್ಕರೆ ಬದಲು ಹೊಟ್ಟು, ಕರಟ, ಹಿಂಡಿ ಎಲ್ಲ ಹಾಕಿ ನೋಡಿದರು.

ಕಾಫಿ ಹೊಟ್ಟು ಇಲ್ಲಿ ರಾಶಿ ರಾಶಿ ಬೀಳುತ್ತದೆ, ಅರಸೀಕೆರೆ ಕಡೆ ತೆಂಗಿನ ಕರಟಕ್ಕೆ ಬರ ಇಲ್ಲ. ಹೊಟ್ಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವುದರಿಂದ ಮೊದಲು ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಆ ಪೊಟ್ಯಾಸಿಯಂ ಆಮ್ಲದ ಅರ್ಧ ಶಕ್ತಿಯನ್ನು ತಿಂದುಹಾಕುತ್ತದೆ. ಇದ್ದಿಲು ತೀರಾ ಜಾಸ್ತಿ ಬೇಯಬಾರದು, 400 ಡಿಗ್ರಿ ಸುಮಾರಿಗೆ ಸಾಕು. ಪೂರ್ತಿ ಬೆಂದ ಇದ್ದಿಲಿಗೆ ಆಮ್ಲದ ಗುಂಪು ಸರಿಯಾಗಿ ಅಂಟುವುದಿಲ್ಲ. ಕೊನೆಗೆ ಬಿಸಿನೀರಲ್ಲಿ ತೊಳೆಯುವುದು, ಎಷ್ಟು ಅಂದರೆ ತೊಳೆದ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿದರೆ ಬಿಳಿ ಬರಬಾರದು. ಹುಡುಗರಿಗೆ ಬೇಜಾರು ಬರುವುದು ಇಲ್ಲೇ. ಸರಿಯಾಗಿ ತೊಳೆಯದಿದ್ದರೆ ಮೊದಲ ಸಲ ಬರುವ ಒಳ್ಳೆಯ ಫಲಿತಾಂಶ ಇದ್ದಿಲಿನದ್ದಲ್ಲ, ಅದರ ಸಂದಿಯಲ್ಲಿ ಉಳಿದ ಗಂಧಕಾಮ್ಲದ್ದು.

ಈ ಗಂಧಕಾಮ್ಲದ ಹಂತವನ್ನು ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆ ಎಳೆದುಹಾಕುವ ಲ್ಯಾಬಿನ ಗೂಡು) ಇಲ್ಲದ ಕಡೆ ಯಾರೂ ಮಾಡಬಾರದು. ಮನೆಯಲ್ಲಂತೂ ಬೇಡವೇ ಬೇಡ.

ಬಾಳೆ ದಿಂಡಿನ ಬೂದಿಯೂ ಘನ ಕ್ಯಾಟಲಿಸ್ಟ್ ಅಲ್ವಾ?

ಹಾಕುವಾಗ ಘನ. ಬೂದಿಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್, ಅದು ಮೆಥನಾಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಬಯೋಡೀಸೆಲ್ ಚೆನ್ನಾಗಿ ಬರುತ್ತದೆ, ಖರ್ಚೂ ಇಲ್ಲ, ಆದರೆ ತೊಳೆಯುವ ಕೆಲಸ ತಪ್ಪುವುದಿಲ್ಲ.

ಒಂದು ಘನ ಕ್ಯಾಟಲಿಸ್ಟನ್ನು ಎಷ್ಟು ಸಲ ಬಳಸಬಹುದು?

ಇಡೀ ವಿಷಯದ ತಿರುಳು ಇದು. ಪ್ರಾಜೆಕ್ಟ್ ರಿಪೋರ್ಟ್ ತಂದು ತೋರಿಸುವ ಹುಡುಗರು ಮೊದಲ ಪುಟದಲ್ಲೇ ಬಯೋಡೀಸೆಲ್ ಶೇ. 96 ಬಂತು, 97 ಬಂತು ಅಂತ ಬರೆದಿರುತ್ತಾರೆ. ನಾನು ನೇರ ಕೊನೆಯ ಪುಟ ತೆಗೆದು ಐದನೇ ಸಲ ಎಷ್ಟು ಬಂತು ಅಂತ ನೋಡುತ್ತೇನೆ. ಅಲ್ಲಿ ಏನೂ ಬರೆದಿಲ್ಲ ಅಂದರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ. ಮತ್ತೆ ಬಳಸಲು ಆಗದ ಘನ ಕ್ಯಾಟಲಿಸ್ಟ್ ಅಂದರೆ ದುಬಾರಿ ಕಾಸ್ಟಿಕ್ ಸೋಡಾ ಅಷ್ಟೇ.

ಕ್ಯಾಟಲಿಸ್ಟ್ ಸೊರಗುವುದಕ್ಕೆ ಹಲವು ಕಾರಣ ಇದೆ. ಅದರ ಮೈಮೇಲೆ ಗ್ಲಿಸರಿನ್, ಎಣ್ಣೆ ಪದರ ಕಟ್ಟುತ್ತದೆ, ಅದನ್ನು ಮೆಥನಾಲ್‌ನಲ್ಲಿ ತೊಳೆದು ಮತ್ತೆ ಸುಟ್ಟರೆ ಸರಿಹೋಗುತ್ತದೆ. ತೇವ ಹಿಡಿಯುತ್ತದೆ, ಅದಕ್ಕೂ ಸುಡುವುದೇ ಔಷಧಿ. ಜೋರಾಗಿ ಕಲಕಿದರೆ ಕಾಳು ಸವೆದು ನುಣ್ಣಗಾಗಿ ಫಿಲ್ಟರ್ ದಾಟಿಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕರಗುವುದು. ಸುಟ್ಟ ಸುಣ್ಣ ಗ್ಲಿಸರಿನ್ ಜೊತೆ ಸೇರಿ ಬೇರೆಯೇ ಸಂಯುಕ್ತ ಆಗುತ್ತದೆ, ಸ್ವಲ್ಪ ಕ್ಯಾಲ್ಸಿಯಂ ಬಯೋಡೀಸೆಲ್ ಜೊತೆ ಹೊರಟುಹೋಗುತ್ತದೆ. ಯುರೋಪಿನ ಇಎನ್ 14214 ಮಾನದಂಡದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸೇರಿ ಕೆಜಿಗೆ 5 ಮಿಲಿಗ್ರಾಂ ದಾಟಬಾರದು. ತೀರಾ ಸಣ್ಣ ಮಿತಿ ಅದು, ದಾಟಿದರೆ ಇಂಜೆಕ್ಟರಿನಲ್ಲಿ ಬೂದಿ ಕೂರುತ್ತದೆ.

ನಿಮ್ಮ ಕ್ಯಾಟಲಿಸ್ಟ್ ನಿಜವಾಗಿಯೂ ಘನವಾಗೇ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ, ಬಿಸಿಯಲ್ಲೇ ಸೋಸುವುದು. ಕ್ರಿಯೆ ಅರ್ಧ ಆದಾಗ ಬಿಸಿ ಇರುವಾಗಲೇ ಕ್ಯಾಟಲಿಸ್ಟನ್ನು ಪೂರ್ತಿ ಸೋಸಿ ತೆಗೆಯಿರಿ. ಸೋಸಿದ ದ್ರವವನ್ನು ಅದೇ ಬಿಸಿಯಲ್ಲಿ ಮತ್ತೆ ಕಲಕುತ್ತಾ ಇರಿ. ಕ್ರಿಯೆ ಅಲ್ಲೇ ನಿಂತರೆ ಒಳ್ಳೆಯದು. ಮುಂದುವರಿದರೆ ಕೆಲಸ ಮಾಡುತ್ತಿರುವುದು ಕರಗಿದ ಭಾಗ. ನಮ್ಮ ಮೊಟ್ಟೆ ಸಿಪ್ಪೆ ಕ್ಯಾಟಲಿಸ್ಟಿಗೆ ಈ ಪರೀಕ್ಷೆ ಮಾಡಿದ ದಿನ ಸೋಸಿದ ದ್ರವದಲ್ಲೂ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇತ್ತು. ಎಲ್ಲರಿಗೂ ಬೇಸರ ಆಯಿತು. ಆದರೂ ರಿಪೋರ್ಟಿನಲ್ಲಿ ಅದನ್ನು ಹಾಗೇ ಬರೆಸಿದೆ, ಯಾಕಂದರೆ ಅದೇ ಆ ವರ್ಷ ನಾವು ಕಲಿತ ದೊಡ್ಡ ವಿಷಯ.

ಕರಗುವುದನ್ನು ತಡೆಯಲು ಕ್ಯಾಲ್ಸಿಯಂ ಅನ್ನು ಸತು, ಅಲ್ಯುಮಿನಿಯಂ, ಜಿರ್ಕೋನಿಯಂ ಆಕ್ಸೈಡ್‌ಗಳ ಜೊತೆ ಬೆಸೆಯುತ್ತಾರೆ. ಸ್ವಲ್ಪ ಚುರುಕು ಕಡಿಮೆಯಾಗುತ್ತದೆ, ಬಾಳಿಕೆ ಜಾಸ್ತಿಯಾಗುತ್ತದೆ. ನನ್ನನ್ನು ಕೇಳಿದರೆ ಬಾಳಿಕೆಗೇ ನನ್ನ ಓಟು.

ಜಿಯೊಲೈಟ್ ಬಗ್ಗೆ ಎಲ್ಲ ಕಡೆ ಓದುತ್ತೇವೆ. ಅದನ್ನು ಹೊಂಗೆ ಎಣ್ಣೆಗೆ ಹಾಕಬಹುದಾ?

ಜಿಯೊಲೈಟ್ ಅಂದರೆ ಸಿಲಿಕಾನ್, ಅಲ್ಯುಮಿನಿಯಂ, ಆಕ್ಸಿಜನ್ ಸೇರಿದ ಒಂದು ಬಗೆಯ ಖನಿಜ. ಅದರ ಮೈತುಂಬ ಸಣ್ಣ ಸಣ್ಣ ರಂಧ್ರ ಇರುತ್ತದೆ, ಕ್ರಿಯೆ ನಡೆಯುವ ಜಾಗ ಹೆಚ್ಚಿನದು ಒಳಗೇ. ಅದರಲ್ಲೇ ಒಂದು ಬಗೆಯಾದ ಜಡ್‌ಎಸ್‌ಎಂ-5 ಅನ್ನುವುದರ ರಂಧ್ರ ಅರ್ಧ ನ್ಯಾನೊಮೀಟರಿಗಿಂತ ಚೂರು ಜಾಸ್ತಿ. ಎಣ್ಣೆಯ ಅಣು ಅದಕ್ಕಿಂತ ತುಂಬಾ ದೊಡ್ಡದು. ತಲೆಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಗಿಡ್ಡ ಬಾಗಿಲಲ್ಲಿ ಹಟ್ಟಿಯೊಳಗೆ ಹೋಗಲು ಆಗಲ್ಲ ನೋಡಿ, ಹಾಗೆ. ಅದಕ್ಕೇ ಎಣ್ಣೆಗೆ ದೊಡ್ಡ ರಂಧ್ರದ ಸಿಲಿಕಾಗಳು ಬೇಕು. ಸೌದೆ, ಹೊಟ್ಟನ್ನು ಗಾಳಿಯಿಲ್ಲದೆ ಕಾಯಿಸಿ ಬರುವ ಹೊಗೆಯ ಆವಿಯಲ್ಲಿ ಚಿಕ್ಕ ಅಣುಗಳಿರುತ್ತವೆ, ಜಡ್‌ಎಸ್‌ಎಂ-5 ಚೆನ್ನಾಗಿ ಕೆಲಸ ಮಾಡುವುದು ಅಲ್ಲಿ. ಆದರೆ ಬೇಗ ಮಸಿ ಕಟ್ಟುತ್ತದೆ, ಆಗಾಗ ಸುಟ್ಟು ಚೊಕ್ಕ ಮಾಡುತ್ತಿರಬೇಕು.

ಎಥನಾಲ್ ಮಾಡುವುದಕ್ಕೂ ಘನ ಕ್ಯಾಟಲಿಸ್ಟ್ ಬಳಸುತ್ತಾರಾ?

ಕಬ್ಬಿನ ಎಥನಾಲ್ ಮಾಡುವುದು ಯೀಸ್ಟ್. ಆದರೆ ಭಟ್ಟಿ ಇಳಿಸಿದಾಗ ಶೇ. 95.6ರ ಮೇಲೆ ನೀರು ಬಿಡುವುದಿಲ್ಲ, ಅಲ್ಲಿ 3ಎ ಜಿಯೊಲೈಟ್ ಕಾಳು ತುಂಬಿದ ಗೋಪುರದಲ್ಲಿ ಹಾಯಿಸಿ ನೀರು ತೆಗೆಯುತ್ತಾರೆ. ಅದು ನೀರು ಹೀರುವ ವಸ್ತು, ಕ್ಯಾಟಲಿಸ್ಟ್ ಅಲ್ಲ. ಪರೀಕ್ಷೆಯಲ್ಲಿ ತುಂಬಾ ಜನ ಇಲ್ಲಿ ತಪ್ಪುತ್ತಾರೆ.

ದೊಡ್ಡ ಫ್ಯಾಕ್ಟರಿಗಳಲ್ಲಿ ಘನ ಕ್ಯಾಟಲಿಸ್ಟ್ ನಿಜವಾಗಿಯೂ ಓಡುತ್ತಿದೆಯಾ, ಇಲ್ಲ ಲ್ಯಾಬಿನ ಕಥೆಯಾ?

ಓಡುತ್ತಿದೆ. ಫ್ರಾನ್ಸಿನ ಸೆಟ್ ಎಂಬ ಊರಲ್ಲಿ 2006ರಲ್ಲಿ ಸತು-ಅಲ್ಯುಮಿನಿಯಂ ಆಕ್ಸೈಡಿನ ಘನ ಕ್ಯಾಟಲಿಸ್ಟ್ ಮೇಲೆ ನಡೆಯುವ ಬಯೋಡೀಸೆಲ್ ಕಾರ್ಖಾನೆ ಶುರುವಾಯಿತು, ಎಸ್ಟರ್‌ಫಿಪ್ ಅನ್ನುವ ವಿಧಾನ ಅದು. ಬಿಸಿ 200 ಡಿಗ್ರಿ ಹತ್ತಿರ, ಒತ್ತಡವೂ ಜಾಸ್ತಿ, ಆದರೆ ಗ್ಲಿಸರಿನ್ ಶೇ. 98ಕ್ಕಿಂತ ಶುದ್ಧ. ನಮ್ಮಲ್ಲೇ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 2006ರಲ್ಲಿ ಕಬ್ಬಿಣ ಮತ್ತು ಸತುವಿನ ಜೋಡಿ ಸಯನೈಡ್ ಕ್ಯಾಟಲಿಸ್ಟ್ ಬಗ್ಗೆ ಪ್ರಕಟಿಸಿದರು. ಬಿಡಿ ಆಮ್ಲ ಇದ್ದರೂ, ನೀರಿದ್ದರೂ ಅದು ತಡೆದುಕೊಳ್ಳುತ್ತದೆ. ಹಳೆ ಹೊಂಗೆ ಎಣ್ಣೆಯ ಜೊತೆ ಗುದ್ದಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ದಾರಿ ಮೆಥನಾಲ್ ಬದಲು ಎಣ್ಣೆಗೆ ಹೈಡ್ರೊಜನ್ ಹಾಯಿಸುವುದು. ಫಿನ್ಲೆಂಡಿನ ನೆಸ್ಟೆ ಕಂಪನಿ 2007ರಲ್ಲಿ ಪೊರ್ವೊದಲ್ಲಿ ಇದನ್ನು ಶುರುಮಾಡಿತು. ಇಂಥ ಕೆಲಸಕ್ಕೆ ಅಲ್ಯುಮಿನಾ ಮೇಲೆ ನಿಕಲ್, ಮಾಲಿಬ್ಡಿನಂ ಕೂರಿಸಿದ ಕ್ಯಾಟಲಿಸ್ಟ್ ಬಳಸುತ್ತಾರೆ, 300 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಎಣ್ಣೆಯ ಆಕ್ಸಿಜನ್ ಎಲ್ಲ ಕಿತ್ತುಹಾಕುತ್ತದೆ. ಬರುವುದು ಪೆಟ್ರೋಲ್ ಬಂಕಿನ ಡೀಸೆಲ್ ತರಹದ್ದೇ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಜಟ್ರೋಫಾ ಎಣ್ಣೆಯಿಂದ ವಿಮಾನದ ಇಂಧನ ಮಾಡಿತು, 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್ ವಿಮಾನ ಡೆಹ್ರಾಡೂನಿನಿಂದ ದೆಹಲಿಗೆ ಅದನ್ನು ಬೆರೆಸಿಕೊಂಡು ಹಾರಿತು. ಇದೆಲ್ಲ ಹಳ್ಳಿಯ ಗಾಣದ ಪಕ್ಕ ಆಗುವ ಕೆಲಸ ಅಲ್ಲ, ಹೈಡ್ರೊಜನ್ ಬೇಕು, ಒತ್ತಡ ತಡೆಯುವ ಪಾತ್ರೆ ಬೇಕು.

ಮನೆಯಲ್ಲಿ ಮಾಡಬಹುದಾ?

ಬೇಡ. ಮೆಥನಾಲ್ ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಆವಿ ಉಸಿರಾಡಿದರೂ ತೊಂದರೆ. 65 ಡಿಗ್ರಿಗೆ ಕುದಿಯುತ್ತದೆ, ಉರಿ ಹಗಲಲ್ಲಿ ಕಾಣುವುದೇ ಇಲ್ಲ. ಅಡುಗೆಮನೆ, ಗ್ಯಾಸ್ ಒಲೆ, ಮಕ್ಕಳು ಓಡಾಡುವ ಜಾಗದಲ್ಲಿ ಇದನ್ನು ಇಡಲೇಬಾರದು. ನೋಡುವ ಆಸೆ ಇದ್ದರೆ ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಟ್ಟಿದ ಜೈವಿಕ ಇಂಧನ ಪಾರ್ಕ್ ಇದೆ. ಹೊಂಗೆ, ಬೇವು, ಹಿಪ್ಪೆ ಗಿಡಗಳಿಂದ ಹಿಡಿದು ಬಯೋಡೀಸೆಲ್ ತನಕ ಕೆಲಸ ನಡೆದ ಜಾಗ ಅದು.

ಮಾಡಿದ ಬಯೋಡೀಸೆಲ್ ಮಾರಬಹುದಾ?

ಸುಮ್ನೆ ಕ್ಯಾನ್‌ನಲ್ಲಿ ತುಂಬಿ ಮಾರುವ ಹಾಗಿಲ್ಲ. ಡೀಸೆಲ್‌ಗೆ ಬೆರೆಸುವ ಬಯೋಡೀಸೆಲ್ ಮಾರಾಟಕ್ಕೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ತಂದಿದೆ, ಐಎಸ್ 15607 ಪರೀಕ್ಷೆ ಪಾಸಾಗಬೇಕು. ಎಸ್ಟರ್ ಅಂಶ, ಅಂದರೆ ನಿಜವಾಗಿ ಬಯೋಡೀಸೆಲ್ ಆದ ಭಾಗ, ಕನಿಷ್ಠ ಶೇ. 96.5 ಇರಬೇಕು.

ಬಳಸಿ ಸುಸ್ತಾದ ಕ್ಯಾಟಲಿಸ್ಟನ್ನು ಏನು ಮಾಡುವುದು?

ಲೋಹ ಸೇರಿದ್ದಾದರೆ ಎಲ್ಲೂ ಚೆಲ್ಲಬೇಡಿ, ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಟ್ಟು ಲ್ಯಾಬಿನ ಕಸದ ನಿಯಮದಂತೆ ಕಳಿಸಿ. ಗಂಧಕಾಮ್ಲದ ಇದ್ದಿಲನ್ನು ಸುಣ್ಣದ ನೀರಲ್ಲಿ ಆಮ್ಲ ಸಾಯುವ ತನಕ ನೆನೆಸಿ, ಆಮೇಲೆ ಅದೇ ದಾರಿ. ಬರೀ ಮೊಟ್ಟೆ ಸಿಪ್ಪೆಯದ್ದಾದರೆ ಮೆಥನಾಲ್ ಪೂರ್ತಿ ಆವಿಯಾಗುವ ತನಕ ಫ್ಯೂಮ್ ಹುಡ್‌ನಲ್ಲಿ ಬಿಟ್ಟು, ಮತ್ತೆ ಒಮ್ಮೆ ಸುಟ್ಟು, ನೀರು ಹಾಕಿ ಅರಳಿಸಿ. ಆಗ ಅದು ಬರೀ ಸುಣ್ಣ. ನಮ್ಮ ಕಡೆ ಕಾಫಿ ತೋಟದ ಮಣ್ಣು ಹುಳಿ, ತೋಟದವರು ಹೇಗೂ ಸುಣ್ಣ ಹಾಕುತ್ತಲೇ ಇರುತ್ತಾರೆ. ನಮ್ಮ ಲ್ಯಾಬಿನದ್ದು ಕಾಲೇಜು ಹಿಂದಿನ ಸಿಲ್ವರ್ ಓಕ್ ಬುಡಕ್ಕೆ ಹೋಗುತ್ತದೆ.